ಬಹುಪದೋಕ್ತಿಯನ್ನು ಏಕಪದೋಕ್ತಿಯಿಂದ ಭಾಗಿಸುವಾಗ ಕೊನೆಯ ಪದ ಎಲ್ಲಿಗೆ ಹೋಗುತ್ತದೆ?

ಸೀಮೆಸುಣ್ಣ

ಎಂಟನೇ ತರಗತಿಯ ಬೀಜಗಣಿತದಲ್ಲಿ ಸುಲಭ ಅನ್ನಿಸಿಕೊಂಡ ಲೆಕ್ಕವೇ ಹೆಚ್ಚು ಅಂಕ ಕಳೆಯುತ್ತಿದೆ. ಹಲವು ಪದಗಳಿರುವ ಬಹುಪದೋಕ್ತಿಯನ್ನು ಒಂದೇ ಪದದ ಏಕಪದೋಕ್ತಿಯಿಂದ ಭಾಗಿಸುವ ಕೆಳಗಿನ ಒಂದೇ ಲೆಕ್ಕಕ್ಕೆ ಮಕ್ಕಳ ಪುಸ್ತಕಗಳಲ್ಲಿ ನಾಲ್ಕು ಥರದ ಉತ್ತರ ಇವೆ. ಟೈಪಿಸಲು ಸುಲಭವಾಗಲೆಂದು ಚರಾಕ್ಷರಗಳಿಗೆ ಯ, ಕ ಎಂದು ಬರೆಯುತ್ತೇನೆ.

(12ಯ³ − 8ಯ² + 4ಯ) ÷ (4ಯ)

ಅ) 3ಯ² − 2ಯ
ಆ) 3ಯ² − 8ಯ² + 4ಯ
ಇ) 3ಯ³ − 2ಯ² + ಯ
ಈ) 3ಯ² − 2ಯ + 1

ಸರಿ ಉತ್ತರ ಈ. ಉಳಿದ ಮೂರನ್ನೂ ಬರೀ "ತಪ್ಪು" ಅಂತ ಗೀಟು ಹಾಕಿ ಕೊಟ್ಟರೆ ಮುಂದಿನ ವಾರ ಅದೇ ತಪ್ಪು ಮತ್ತೆ ಬರುತ್ತದೆ. ಯಾವ ತಪ್ಪು ಯಾಕೆ ಆಗುತ್ತದೆ, ಅದನ್ನು ಬಿಡಿಸುವುದು ಹೇಗೆ ಅನ್ನುವುದನ್ನು ಇಲ್ಲಿ ಚರ್ಚಿಸೋಣ.

ಛೇದದಕೆಳಗೆ

ಮೂರೂ ಬೇರೆ ಬೇರೆ ಕಾಯಿಲೆ, ಒಂದೇ ಔಷಧ ನಡೆಯುವುದಿಲ್ಲ.

ಆ) ಉತ್ತರ ಬರೆದವರಿಗೆ ಭಾಗದ ಗೆರೆ ಏನು ಹೇಳುತ್ತದೆ ಅನ್ನುವುದೇ ಗೊತ್ತಿಲ್ಲ. ಮೊದಲ ಪದವನ್ನು ಭಾಗಿಸಿ ಕೆಲಸ ಮುಗಿಯಿತು ಅಂದುಕೊಂಡಿದ್ದಾರೆ. ಇವರಿಗೆ ಅಕ್ಷರ ಬಿಟ್ಟು ಅಂಕಿಯಲ್ಲಿ ತೋರಿಸಿ: (20 + 8) ÷ 4. ಕೂಡಿ ಭಾಗಿಸಿದರೆ 28 ÷ 4 = 7. ಒಂದೊಂದನ್ನೇ ಭಾಗಿಸಿದರೆ 5 + 2 = 7. ಮೊದಲನೆಯದನ್ನು ಮಾತ್ರ ಭಾಗಿಸಿದರೆ 5 + 8 = 13. ಮೂರನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ ಸಾಕು, ವಾದ ಬೇಕಾಗುವುದಿಲ್ಲ.

ಇ ಉತ್ತರದವರು ಮೂರು ಪದಗಳನ್ನೂ ಭಾಗಿಸಿದ್ದಾರೆ, ಆದರೆ 4ರಿಂದ ಮಾತ್ರ. ಛೇದದ ಯ ಹಾಗೇ ಉಳಿದುಹೋಗಿದೆ. ಛೇದ ಅಂದರೆ 4 × ಯ ಎಂದು ಬಿಡಿಸಿ ಬರೆಯುವ ಅಭ್ಯಾಸ ಇಲ್ಲದಿದ್ದರೆ ಹೀಗಾಗುತ್ತದೆ.

ಅ ಉತ್ತರ ಬರೆದವರು ವಿಧಾನವನ್ನು ಸರಿಯಾಗಿಯೇ ಬಲ್ಲವರು. 4ಯ ÷ 4ಯ ಬಂದಾಗ ಮೇಲೂ ಕೆಳಗೂ ಕಾಟು ಹೊಡೆದು, "ಏನೂ ಉಳಿಯಲಿಲ್ಲ" ಎಂದು ಬಿಟ್ಟಿದ್ದಾರೆ. ಏನೂ ಉಳಿಯಲಿಲ್ಲ ಅಂದರೆ ಅವರ ಲೆಕ್ಕದಲ್ಲಿ ಸೊನ್ನೆ. ನನ್ನ ಪ್ರಕಾರ ಈ ಪಾಠದ ಅತಿ ಹೆಚ್ಚಿನ ಸಮಯ ಇಲ್ಲೇ ಕೊಡಬೇಕು.

ಮಗ್ಗಿಪುಸ್ತಕ

ಬಿಡಿಸಿ ಬರೆಯುವ ಹಂತದಲ್ಲೇ ಎರಡು ತಪ್ಪು ನಿಲ್ಲುತ್ತವೆ. ಕ್ರಮ ಇಷ್ಟು. ಮೊದಲು ಅಂಶದಲ್ಲಿ ಎಷ್ಟು ಪದ ಇವೆ ಎಂದು ಎಣಿಸಬೇಕು. ಮೂರು ಪದ ಇದ್ದರೆ ಮೂರು ಗೆರೆ ಎಳೆದು, ಮೂರರ ಕೆಳಗೂ ಛೇದ ಬರೆದುಬಿಡಬೇಕು. ಮೇಲೆ ಇನ್ನೂ ಏನೂ ಬರೆದಿರಬಾರದು. ಆಮೇಲೆ ಒಂದೊಂದು ಪದವನ್ನೂ ಅದರ ಚಿಹ್ನೆಯ ಸಮೇತ ಮೇಲೆ ಕೂರಿಸಬೇಕು.

12ಯ³/(4ಯ) − 8ಯ²/(4ಯ) + 4ಯ/(4ಯ)

ಛೇದವನ್ನು ಮೊದಲೇ ಬರೆದಿಟ್ಟರೆ ಮರೆಯುವ ಪ್ರಶ್ನೆಯೇ ಇಲ್ಲ.

ನಂತರ ಪ್ರತಿ ತುಂಡಿನಲ್ಲೂ ಮೂರು ಕೆಲಸ, ಇದೇ ಸರದಿಯಲ್ಲಿ: ಚಿಹ್ನೆ, ಅಂಕಿ, ಅಕ್ಷರ. ಅಂಕಿಗೆ ಭಾಗಾಕಾರ, ಘಾತಾಂಕಕ್ಕೆ ವ್ಯವಕಲನ. ಈ ಎರಡನ್ನು ಅದಲುಬದಲು ಮಾಡುವವರು ಬಹಳ. 12ಯ⁶ ÷ 3ಯ² ಎಂಬುದಕ್ಕೆ ಕೆಲವರು 9ಯ⁴ ಬರೆಯುತ್ತಾರೆ (ಅಂಕಿಯನ್ನೂ ಕಳೆದಿದ್ದಾರೆ), ಕೆಲವರು 4ಯ³ ಬರೆಯುತ್ತಾರೆ (ಘಾತಾಂಕವನ್ನೂ ಭಾಗಿಸಿದ್ದಾರೆ). ಸರಿಯಾದದ್ದು 4ಯ⁴. ಯ × ಯ × ಯ × ಯ × ಯ × ಯ ಎಂದು ಆರು ಯ ಬರೆದು, ಕೆಳಗೆ ಎರಡು ಯ ಬರೆದು ಜೋಡಿ ಮಾಡಿಸಿ. ನಾಲ್ಕು ಸಲ ಮಾಡಿಸಿದರೆ ಐದನೇ ಸಲಕ್ಕೆ "6ರಲ್ಲಿ 2 ಹೋದರೆ 4" ಅಂತ ಅವರೇ ಹೇಳುತ್ತಾರೆ.

ಛೇದ ಋಣವಾಗಿದ್ದಾಗ ಚಿಹ್ನೆಯನ್ನು ಮೊದಲು ತೀರ್ಮಾನಿಸುವುದರ ಬೆಲೆ ಗೊತ್ತಾಗುತ್ತದೆ:

(15ಯ⁴ − 10ಯ³ − 5ಯ²) ÷ (−5ಯ²) = −3ಯ² + 2ಯ + 1

ಋಣದಿಂದ ಭಾಗಿಸಿದರೆ ಪ್ರತಿ ಪದದ ಚಿಹ್ನೆಯೂ ತಿರುಗುತ್ತದೆ, ಒಂದನ್ನೂ ಬಿಡದೆ. ಮೊದಲ ಪದವನ್ನು ತಿರುಗಿಸಿ ಉಳಿದದ್ದನ್ನು ಮರೆಯುವುದು ಮಾಮೂಲಿ ತಪ್ಪು.

ಅಮ್ಮನಪ್ರಶ್ನೆ

ಸರ್, ನಾನು ಮನೆಯಲ್ಲಿ ಮಗಳಿಗೆ ಹೇಳಿಕೊಡುವವಳು. ಅವಳು ಕೇಳುವುದು ಇಷ್ಟೇ: "ಎರಡೂ ಕಡೆ ಕಾಟು ಹೊಡೆದ ಮೇಲೆ ಅಲ್ಲಿ ಖಾಲಿ ಜಾಗ ಇದೆ, 1 ಎಲ್ಲಿಂದ ಬಂತು?" ನಿಯಮ ಹಾಗಿದೆ ಅಂದರೆ ಒಪ್ಪುವುದಿಲ್ಲ.

ಛೇದದಕೆಳಗೆ

ಅವಳು ಒಪ್ಪದಿರುವುದು ಒಳ್ಳೆಯದೇ, ಮೇಡಂ. ಕಾಟು ಹೊಡೆಯುವುದು ಅನ್ನುವ ಮಾತೇ ಇಲ್ಲಿ ದಾರಿ ತಪ್ಪಿಸುವುದು. "ಹೊಡೆದುಹಾಕು" ಅಂದರೆ ಮಗುವಿನ ಕಿವಿಗೆ "ಇಲ್ಲವಾಗಿಸು" ಎಂದೇ ಕೇಳುತ್ತದೆ. ಕಳೆಯುವಾಗ ಅದು ನಿಜ: 4ಯ − 4ಯ = 0. ಭಾಗಿಸುವಾಗ ನಾವು ಇಲ್ಲವಾಗಿಸುತ್ತಿಲ್ಲ. "4ಯ ಒಳಗೆ 4ಯ ಎಷ್ಟು ಸಲ ಇದೆ?" ಎಂದು ಕೇಳುತ್ತಿದ್ದೇವೆ. ಒಂದು ಸಲ. ಆ ಒಂದೇ ಉತ್ತರ.

ಮನೆಯಲ್ಲಿ ಹೀಗೆ ಮಾಡಿ ನೋಡಿ. ಕಾಟು ಹೊಡೆದಾಗಲೆಲ್ಲ ಆ ಅಂಕಿಯ ಪಕ್ಕದಲ್ಲಿ ಚಿಕ್ಕದಾಗಿ 1 ಬರೆಯಿಸಿ, ಮೇಲೆ ಒಂದು, ಕೆಳಗೆ ಒಂದು. 4/4 ರಲ್ಲಿ ಮೇಲೆ 1 ಕೆಳಗೆ 1, ಯ/ಯ ರಲ್ಲಿ ಮೇಲೆ 1 ಕೆಳಗೆ 1. ಗುಣಿಸಿದರೆ 1/1. ಜಾಗ ಖಾಲಿ ಇರುವುದೇ ಇಲ್ಲ.

ಇನ್ನೂ ಒಂದು ಕೀಲಿಕೈ ಇದೆ. ಅಂಶದಲ್ಲಿ ಸಜಾತಿ ಪದಗಳನ್ನೆಲ್ಲ (ಅಕ್ಷರವೂ ಘಾತಾಂಕವೂ ಒಂದೇ ಇರುವವನ್ನು) ಮೊದಲೇ ಕೂಡಿಸಿದ್ದರೆ, ಮೇಲೆ ಎಷ್ಟು ಪದ ಇದ್ದವೋ ಭಾಗಲಬ್ಧದಲ್ಲೂ ಅಷ್ಟೇ ಪದ ಇರಲೇಬೇಕು. ಏಕಪದೋಕ್ತಿಯಿಂದ ಭಾಗಿಸಿದಾಗ ಎಲ್ಲ ಪದಗಳ ಘಾತಾಂಕವೂ ಒಂದೇ ಅಳತೆಯಲ್ಲಿ ಇಳಿಯುತ್ತದೆ. ಹಾಗಾಗಿ ಬೇರೆ ಬೇರೆ ಇದ್ದ ಎರಡು ಪದ ಒಂದಾಗುವಂತಿಲ್ಲ, ಒಂದು ಪದ ಮಾಯವಾಗುವಂತೆಯೂ ಇಲ್ಲ. ಮೂರು ಹಾಕಿದರೆ ಮೂರು ಬರಬೇಕು. 3ಯ² − 2ಯ ಎಂದು ಎರಡೇ ಬಂದಿದೆ ಅಂದರೆ ತಪ್ಪಾಗಿದೆ ಅನ್ನುವುದು ಪುನಃ ಲೆಕ್ಕ ಮಾಡದೆಯೇ ತಿಳಿಯುತ್ತದೆ.

ಅಮ್ಮನಪ್ರಶ್ನೆ

ಪದ ಎಣಿಸುವುದು ತಕ್ಷಣ ಹಿಡಿಸಿತು ಅವಳಿಗೆ. ಅಕ್ಕಿ ಬೇಳೆ ಹಂಚುವ ಉದಾಹರಣೆ ಕೊಡಬಹುದೇ? 12 ಕೆಜಿ ಅಕ್ಕಿ, 8 ಕೆಜಿ ಬೇಳೆಯನ್ನು 4 ಮನೆಗೆ ಹಂಚುವಾಗ ಅಕ್ಕಿಯನ್ನು ಮಾತ್ರ ಹಂಚಿ, ಬೇಳೆ ಪ್ರತಿ ಮನೆಗೂ 8 ಕೆಜಿ ಅನ್ನಲಾಗುವುದಿಲ್ಲವಲ್ಲ.

ಚೌಕುಳಿಹಾಳೆ

ಛೇದ ಬರೀ ಅಂಕಿ ಆಗಿರುವಾಗ ಕೊಡಬಹುದು, ಅಲ್ಲಿಗೇ ನಿಲ್ಲಿಸಿ ಮೇಡಂ. ಛೇದದಲ್ಲಿ ಯ ಬಂದ ಕೂಡಲೇ ಈ ಉದಾಹರಣೆ ಕುಂಟುತ್ತದೆ, ಅಕ್ಕಿಯನ್ನು ಅಕ್ಕಿಯಿಂದ ಹಂಚುವುದು ಅಂದರೇನು? ಅದಕ್ಕಿಂತ ಕೆಟ್ಟದ್ದೆಂದರೆ ಯ ಎಂಬುದು ಒಂದು ವಸ್ತು ಎಂಬ ಭಾವನೆ ಕೂತುಬಿಡುತ್ತದೆ. ಅಕ್ಷರ ನಿಂತಿರುವುದು ಒಂದು ಸಂಖ್ಯೆಯ ಜಾಗದಲ್ಲಿ. ಅಕ್ಕಿಯ ವರ್ಗ ಎಂಬುದೊಂದು ಇಲ್ಲ, ಸಂಖ್ಯೆಯ ವರ್ಗ ಇದೆ.

ಅದರ ಬದಲು ಆಯತ ತೆಗೆದುಕೊಳ್ಳಿ. ವಿಸ್ತೀರ್ಣ 6ಯ² + 9ಯ, ಅಗಲ 3ಯ. ಉದ್ದ ಎಷ್ಟು? ಆಯತವನ್ನು ಒಂದು ಅಡ್ಡ ಪಟ್ಟಿಯಾಗಿ ಬರೆದು, ಎಡಗಡೆ ಅಂಚಿನಲ್ಲಿ 3ಯ ಬರೆಯಿರಿ. ಪಟ್ಟಿಯನ್ನು ಒಂದು ಲಂಬ ಗೆರೆಯಿಂದ ಎರಡು ಕೋಣೆ ಮಾಡಿ. ಮೊದಲ ಕೋಣೆಯೊಳಗೆ 6ಯ², ಎರಡನೆಯದರಲ್ಲಿ 9ಯ. ಪ್ರತಿ ಕೋಣೆಯ ಮೇಲೂ ಅದರ ಉದ್ದ ಬರೆಯಬೇಕು: 3ಯ ಅನ್ನು ಎಷ್ಟರಿಂದ ಗುಣಿಸಿದರೆ 6ಯ²? 2ಯ. ಎಷ್ಟರಿಂದ ಗುಣಿಸಿದರೆ 9ಯ? 3. ಒಟ್ಟು ಉದ್ದ 2ಯ + 3.

ಇಲ್ಲಿ ಕಾಟು ಹೊಡೆಯುವ ಮಾತೇ ಇಲ್ಲ. ಮೂರನೇ ಕೋಣೆಯಲ್ಲಿ 3ಯ ಇದ್ದಿದ್ದರೆ ಅದರ ಉದ್ದ 0 ಆಗುವುದು ಹೇಗೆ, ಕೋಣೆ ಕಣ್ಣೆದುರಿಗೇ ಇದೆಯಲ್ಲ? 1 ಎಂದೇ ಬರೆಯಬೇಕಾಗುತ್ತದೆ. ಋಣ ಪದಗಳಿಗೆ ಉದ್ದ ಅನ್ನುವ ಅರ್ಥ ಹೊಂದುವುದಿಲ್ಲ, ಆದರೆ ಪಟ್ಟಿಯನ್ನು ಗುಣಾಕಾರದ ಕೋಷ್ಟಕದಂತೆ ಬಳಸಬಹುದು.

ಅಪವರ್ತನಪಕ್ಷ

ಬಿಡಿಸಿ ಬರೆಯುವ ವಿಧಾನವನ್ನೇ ಎಲ್ಲರೂ ಹೇಳುತ್ತಿದ್ದೀರಿ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಎನ್‌ಸಿಇಆರ್‌ಟಿಯ ಹಳೆಯ 8ನೇ ತರಗತಿ ಪುಸ್ತಕದಲ್ಲಿ ಈ ಪಾಠ ಇದ್ದದ್ದು ಅಪವರ್ತನದ ಅಧ್ಯಾಯದೊಳಗೆ. ಅದಕ್ಕೆ ಕಾರಣ ಇದೆ:

12ಯ³ − 8ಯ² + 4ಯ = 4ಯ(3ಯ² − 2ಯ + 1)

ಆವರಣದ ಹೊರಗೆ 4ಯ ತೆಗೆದ ಮೇಲೆ 4ಯ ಇಂದ ಭಾಗಿಸುವುದು ಒಂದೇ ಹೊಡೆತ. ಇಲ್ಲಿ 1 ಬಿಟ್ಟುಹೋಗುವ ಭಯ ಕಡಿಮೆ, ಯಾಕೆಂದರೆ 4ಯ × (ಏನು) = 4ಯ ಎಂದು ಗುಣಾಕಾರದ ಕಡೆಯಿಂದ ಯೋಚಿಸುತ್ತೇವೆ. ಜೊತೆಗೆ ಒಂದು ದೊಡ್ಡ ಪಾಠ ತಾನಾಗಿ ಬರುತ್ತದೆ: ಮೇಲೆ ಕೆಳಗೆ ತೆಗೆದುಹಾಕುವುದು ಅಪವರ್ತನಗಳನ್ನು ಮಾತ್ರ, ಪದಗಳನ್ನು ಅಲ್ಲ. ಗುಣಾಕಾರದಿಂದ ಅಂಟಿಕೊಂಡದ್ದು ಹೋಗುತ್ತದೆ, + ಅಥವಾ − ಇಂದ ಸೇರಿದ್ದು ಹೋಗುವುದಿಲ್ಲ.

ಇದು ಗೊತ್ತಿಲ್ಲದವರು (7ಯ + 5)/5 = 7ಯ ಎಂದು ಬರೆಯುತ್ತಾರೆ. ಅದೇ ಅಧ್ಯಾಯದ ಕೊನೆಯಲ್ಲಿದ್ದ ತಪ್ಪು ಹುಡುಕುವ ಅಭ್ಯಾಸದಲ್ಲಿ ಇಂಥವೇ ಲೆಕ್ಕಗಳಿದ್ದವು. ಅದನ್ನು ಬಿಡದೆ ಮಾಡಿಸಬೇಕು.

ಮಗ್ಗಿಪುಸ್ತಕ

ಮೇಷ್ಟ್ರೇ, ಅಪವರ್ತನದ ದಾರಿ ಚೆನ್ನಾಗಿದೆ, ಆದರೆ ಅದು ನಡೆಯುವುದು ಛೇದ ಎಲ್ಲ ಪದಗಳಲ್ಲೂ ಸಲೀಸಾಗಿ ಹೋಗುವಾಗ. (6ಯ³ + 9ಯ² − 5ಯ) ÷ (6ಯ) ಕೊಡಿ. 6ಯ ಆವರಣದ ಹೊರಗೆ ಬರಬೇಕಾದರೆ ಒಳಗೆ ಭಿನ್ನರಾಶಿ ಇಡಬೇಕು, ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಬಿಡಿಸಿ ಬರೆದರೆ ಯಾವ ತಡೆಯೂ ಇಲ್ಲ:

6ಯ³/(6ಯ) + 9ಯ²/(6ಯ) − 5ಯ/(6ಯ) = ಯ² + (3/2)ಯ − 5/6

ಬಹಳ ಮಕ್ಕಳು "9ರಲ್ಲಿ 6 ಹೋಗುವುದಿಲ್ಲ, ಲೆಕ್ಕ ತಪ್ಪು ಕೊಟ್ಟಿದ್ದಾರೆ" ಅನ್ನುತ್ತಾರೆ. ಸಹಗುಣಕ (ಅಕ್ಷರದ ಜೊತೆಗಿನ ಅಂಕಿ) ಭಿನ್ನರಾಶಿ ಆಗಬಹುದು, ಅದರಿಂದ ಉತ್ತರ ಬಹುಪದೋಕ್ತಿ ಆಗಿಯೇ ಉಳಿಯುತ್ತದೆ. ಘಾತಾಂಕ ಮಾತ್ರ ಪೂರ್ಣ ಸಂಖ್ಯೆ ಆಗಿರಬೇಕು.

ಅಪವರ್ತನಪಕ್ಷ

ಭಿನ್ನರಾಶಿ ಬಂದಾಗ ನಿಮ್ಮ ದಾರಿಯೇ ಸರಿ, ಒಪ್ಪಿದೆ. ಹಾಗಿದ್ದರೆ ಬಿಡಿಸಿ ಬರೆಯುವುದನ್ನು ಮೊದಲು ಕಲಿಸಿ, ಅಪವರ್ತನದಿಂದ ತಾಳೆ ನೋಡಿಸೋಣ. ಎರಡನ್ನೂ ಒಂದೇ ದಿನ ಕೊಟ್ಟರೆ ಅರ್ಧ ಇದು, ಅರ್ಧ ಅದು ಸೇರಿಸಿ ಬರೆಯುತ್ತಾರೆ. ಅದು ಮಾತ್ರ ಬೇಡ.

ಛೇದವೇ ಭಿನ್ನರಾಶಿ ಆದಾಗ ಇನ್ನೊಂದು ಎಚ್ಚರಿಕೆ. (3ಯ³ − 2ಯ²) ÷ (½ಯ²) ಎಂಬುದಕ್ಕೆ ಕೆಲವು ಮಕ್ಕಳು (3/2)ಯ − 1 ಎಂದು ಬರೆಯುತ್ತಾರೆ. ಅರ್ಧದಿಂದ ಭಾಗಿಸುವುದಕ್ಕೂ ಅರ್ಧ ಮಾಡುವುದಕ್ಕೂ ವ್ಯತ್ಯಾಸ ಮರೆತಿದ್ದಾರೆ. ½ ಇಂದ ಭಾಗಿಸುವುದೆಂದರೆ 2ರಿಂದ ಗುಣಿಸುವುದು, ಉತ್ತರ 6ಯ − 4.

ಚೌಕುಳಿಹಾಳೆ

ಲೆಕ್ಕ ತಯಾರಿಸುವವರಿಗೆ ಒಂದು ಸೂಕ್ಷ್ಮ. ಮೊದಲ ಉದಾಹರಣೆಯಲ್ಲಿ ಯ⁴ ÷ ಯ² ಕೊಡಬೇಡಿ. 4 − 2 = 2, 4 ÷ 2 = 2. ಘಾತಾಂಕವನ್ನು ಕಳೆಯುವ ಬದಲು ಭಾಗಿಸಿದ ಮಗುವಿಗೂ ಸರಿ ಉತ್ತರ ಬಂದು, ತಪ್ಪು ನಿಯಮ ಗಟ್ಟಿಯಾಗುತ್ತದೆ. ಸೊನ್ನೆಗಿಂತ ದೊಡ್ಡ ಪೂರ್ಣಾಂಕಗಳಲ್ಲಿ ಹೀಗೆ ಕಾಕತಾಳೀಯವಾಗಿ ಹೊಂದುವ ಜೋಡಿ ಇದೊಂದೇ, ಆದರೆ ಹಲಗೆಯ ಮೇಲೆ ಎಲ್ಲರ ಕೈಗೂ ಮೊದಲು ಬರುವುದು ಇದೇ ಜೋಡಿ. 5 ಮತ್ತು 2, ಇಲ್ಲವೇ 6 ಮತ್ತು 2 ಕೊಡಿ.

ತಾಳೆ ನೋಡುವಾಗಲೂ ಇಂಥದ್ದೇ ಒಂದು ಹಳ್ಳ ಇದೆ. ಎಲ್ಲರೂ ಯ = 1 ಹಾಕುತ್ತಾರೆ, ಸುಲಭ ಎಂದು. 1ರ ಎಲ್ಲ ಘಾತಗಳೂ 1. ಆದ್ದರಿಂದ ಘಾತಾಂಕದ ತಪ್ಪು ಒಂದೂ ಸಿಕ್ಕುವುದಿಲ್ಲ. 4ಯ³ ಇದ್ದರೂ 4ಯ⁴ ಇದ್ದರೂ 4 ಎಂದೇ ಬರುತ್ತದೆ. ಯ = 0 ಅಂತೂ ಹಾಕುವಂತೆಯೇ ಇಲ್ಲ, ಛೇದ ಸೊನ್ನೆಯಾಗುತ್ತದೆ. ಯ = 2 ಪರವಾಗಿಲ್ಲ, ಆದರೂ 2ರಲ್ಲಿ 2ಯ ಮತ್ತು ಯ² ಎರಡರ ಬೆಲೆಯೂ 4.

ನನ್ನ ಆಯ್ಕೆ ಯ = 10. ಬಹುಪದೋಕ್ತಿ ಆಗ ಸಾವಿರ, ನೂರು, ಹತ್ತು, ಬಿಡಿ ಸ್ಥಾನಗಳಂತೆ ಓದಿಸಿಕೊಳ್ಳುತ್ತದೆ. ಸೀಮೆಸುಣ್ಣ ಅವರ ಲೆಕ್ಕವನ್ನೇ ನೋಡಿ:

ಅಂಶ: 12000 − 800 + 40 = 11240
ಛೇದ: 40
11240 ÷ 40 = 281

ಈಗ ನಾಲ್ಕು ಉತ್ತರಗಳ ಬೆಲೆ:
ಅ) 300 − 20 = 280
ಆ) 300 − 800 + 40 = −460
ಇ) 3000 − 200 + 10 = 2810
ಈ) 300 − 20 + 1 = 281

ಅ ಉತ್ತರದಲ್ಲಿ ಸರಿಯಾಗಿ 1 ಕಡಿಮೆ, ಬಿಟ್ಟುಹೋದದ್ದು ಆ 1 ಎಂದು ತಾನೇ ತೋರಿಸುತ್ತಿದೆ. ಇ ಉತ್ತರ ಸರಿಯಾಗಿ 10 ಪಟ್ಟು, ಅಂದರೆ ಒಂದು ಯ ಇಂದ ಭಾಗಿಸುವುದು ಬಾಕಿ ಇದೆ. ತಪ್ಪಾಗಿದೆ ಎಂದು ಮಾತ್ರ ಅಲ್ಲ, ಎಲ್ಲಿ ತಪ್ಪಾಗಿದೆ ಎಂಬುದೂ ಸಿಗುತ್ತದೆ.

ಸೀಮೆಸುಣ್ಣ

ಈ 10 ಹಾಕುವ ಉಪಾಯ ತುಂಬ ಉಪಯೋಗದ್ದು. ಎರಡು ಚರಾಕ್ಷರ ಇದ್ದಾಗ?

ಚೌಕುಳಿಹಾಳೆ

ಎರಡಕ್ಕೂ ಒಂದೇ ಬೆಲೆ ಕೊಡಬೇಡಿ, ಕೊಟ್ಟರೆ ಯ ಇದ್ದ ಜಾಗಕ್ಕೆ ಕ ಬರೆದಿದ್ದರೂ ಗೊತ್ತಾಗುವುದಿಲ್ಲ. ಯ = 10, ಕ = 3 ಚೆನ್ನಾಗಿ ನಡೆಯುತ್ತದೆ. ಒಂದು ಉದಾಹರಣೆ:

(18ಯ³ಕ² − 27ಯ²ಕ³ + 9ಯ²ಕ²) ÷ (9ಯ²ಕ²) = 2ಯ − 3ಕ + 1

ಛೇದ 9 × 100 × 9 = 8100. ಅಂಶ 162000 − 72900 + 8100 = 97200. ಭಾಗಿಸಿದರೆ 12. ಉತ್ತರದ ಕಡೆ 20 − 9 + 1 = 12.

ಒಂದೊಂದು ಅಕ್ಷರವನ್ನೂ ಬೇರೆಯಾಗಿ ಮುಗಿಸಿ ಮುಂದಿನದಕ್ಕೆ ಹೋಗಬೇಕು. ಮೊದಲ ಪದದಲ್ಲಿ ಕ²/ಕ² = 1, ಅದಕ್ಕೇ 2ಯ ಪಕ್ಕದಲ್ಲಿ ಕ ಕಾಣುವುದಿಲ್ಲ. ಗುಣಾಕಾರದಲ್ಲಿ 1 ಬರೆಯದಿದ್ದರೂ ನಡೆಯುತ್ತದೆ, ಪದ ಇಡಿಯಾಗಿ 1 ಆದಾಗ ಬರೆಯಲೇಬೇಕು. ಯಾವಾಗ ಬರೆಯಬೇಕು, ಯಾವಾಗ ಬೇಡ ಅನ್ನುವ ಗೊಂದಲ ಮಕ್ಕಳಿಗೆ ಬರುವುದು ಇಲ್ಲೇ.

ಶೇಷಶೋಧ

ಇಲ್ಲಿಯವರೆಗಿನ ಲೆಕ್ಕಗಳಲ್ಲಿ ಭಾಗಾಕಾರ ಸರಿಯಾಗಿ ಮುಗಿದಿದೆ. ಮುಗಿಯದಿದ್ದಾಗ ಏನು ಬರೆಯಬೇಕು ಅನ್ನುವುದನ್ನೂ ಹೇಳೋಣ.

(10ಯ³ + 6ಯ² − 4ಯ + 7) ÷ (2ಯ) = 5ಯ² + 3ಯ − 2 + 7/(2ಯ)

ಕೊನೆಯ 7ರಲ್ಲಿ ಯ ಇಲ್ಲ. ಹಾಗಾಗಿ ಯ ಛೇದದಲ್ಲೇ ಉಳಿಯಿತು. ಈಗ ಬಲಗಡೆ ಇರುವುದು ಬಹುಪದೋಕ್ತಿ ಅಲ್ಲ, ಯಾಕೆಂದರೆ 7/(2ಯ) ಎಂದರೆ ಯ ಗೆ −1 ಘಾತಾಂಕ ಇದ್ದ ಹಾಗೆ. ಉತ್ತರ ತಪ್ಪಲ್ಲ. ಪ್ರಶ್ನೆ ಏನು ಕೇಳಿದೆ ಎಂಬುದರ ಮೇಲೆ ಬರೆಯುವ ರೀತಿ ಬದಲಾಗುತ್ತದೆ. "ಭಾಗಲಬ್ಧ ಮತ್ತು ಶೇಷ ಕಂಡುಹಿಡಿಯಿರಿ" ಎಂದಿದ್ದರೆ ಭಾಗಲಬ್ಧ 5ಯ² + 3ಯ − 2, ಶೇಷ 7. "ಸಂಕ್ಷೇಪಿಸಿ" ಎಂದಿದ್ದರೆ 7/(2ಯ) ಸೇರಿಸಿ ಬರೆಯಬೇಕು.

ಶೇಷ 7/(2ಯ) ಎಂದು ಬರೆಯುವವರಿದ್ದಾರೆ. ಅದು ಶೇಷವನ್ನು ಛೇದದಿಂದ ಭಾಗಿಸಿದ ತುಂಡು. ಭಾಜ್ಯ = ಭಾಜಕ × ಭಾಗಲಬ್ಧ + ಶೇಷ ಎಂಬ ಸಂಬಂಧಕ್ಕೆ ಹಾಕಿದರೆ ಯಾವುದು ಸರಿ ಎಂದು ತಿಳಿಯುತ್ತದೆ.

ಶೇಷದಲ್ಲಿ ಅಕ್ಷರ ಇರಬಾರದು ಎಂದೇನೂ ಇಲ್ಲ. (5ಯ³ + 4ಯ² + 3ಯ) ÷ (ಯ²) ನಲ್ಲಿ ಭಾಗಲಬ್ಧ 5ಯ + 4, ಶೇಷ 3ಯ. ಶೇಷದ ಮಹತ್ತಮ ಘಾತ ಛೇದದ ಘಾತಕ್ಕಿಂತ ಕಡಿಮೆ ಇರಬೇಕು, ಅಷ್ಟೇ ಷರತ್ತು.

ಒಂದು ಸಮಾಧಾನ: ದೀರ್ಘ ಭಾಗಾಕಾರದಲ್ಲಿ ಮಾಡುವಂತೆ ಇಲ್ಲದ ಘಾತಕ್ಕೆ 0ಯ² ಎಂದು ಜಾಗ ಬಿಡುವ ಅಗತ್ಯ ಇಲ್ಲಿಲ್ಲ. ಪದಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸದಿದ್ದರೂ ನಡೆಯುತ್ತದೆ.

ಕೋಡುಗಾರ

ಮೇಲೆ ಎಲ್ಲರೂ ಛೇದಕ್ಕೆ ಆವರಣ ಹಾಕಿ 7/(2ಯ) ಎಂದು ಟೈಪಿಸಿದ್ದೀರಿ, ಬಹಳ ಒಳ್ಳೆಯದು. ಕೈಬರಹದಲ್ಲಿ ಅಡ್ಡಗೆರೆಯೇ ಆವರಣದ ಕೆಲಸ ಮಾಡುತ್ತದೆ, ಮೇಲೆ ಇರುವುದೆಲ್ಲ ಒಂದು ಗುಂಪು, ಕೆಳಗಿರುವುದೆಲ್ಲ ಒಂದು ಗುಂಪು. ಒಂದೇ ಸಾಲಿನಲ್ಲಿ ಟೈಪಿಸುವಾಗ ಆ ಗೆರೆ ಇರುವುದಿಲ್ಲ. 7/2ಯ ಎಂದರೆ ಒಬ್ಬರು ಏಳರ ಕೆಳಗೆ 2ಯ ಎಂದು ಓದುತ್ತಾರೆ, ಇನ್ನೊಬ್ಬರು ಎರಡರಲ್ಲಿ ಏಳು ಭಾಗ, ಪಕ್ಕದಲ್ಲಿ ಯ ಎಂದು ಓದುತ್ತಾರೆ.

ಸ್ಪ್ರೆಡ್‌ಶೀಟಿನಲ್ಲೋ ಪೈಥಾನ್‌ನಲ್ಲೋ ತಾಳೆ ನೋಡುವವರು ಇನ್ನೂ ಎಚ್ಚರ ವಹಿಸಬೇಕು. ಅಲ್ಲಿ ಗುಣಾಕಾರ, ಭಾಗಾಕಾರ ಎರಡಕ್ಕೂ ಒಂದೇ ದರ್ಜೆ, ಎಡದಿಂದ ಬಲಕ್ಕೆ ನಡೆಯುತ್ತದೆ. ಯ = 10 ಇಟ್ಟು 6*10*10/2*10 ಎಂದು ಕೊಟ್ಟರೆ 600 ÷ 2 = 300, ಅದನ್ನು 10ರಿಂದ ಗುಣಿಸಿ 3000 ಬರುತ್ತದೆ. ಬೇಕಾದದ್ದು 600 ÷ 20 = 30. ಮಗು ಸರಿಯಾಗಿ 3ಯ ಎಂದು ಬರೆದಿದ್ದರೂ ಯಂತ್ರ ತಪ್ಪು ಎಂದು ತೋರಿಸುತ್ತದೆ. 6*10*10/(2*10) ಎಂದೇ ಕೊಡಬೇಕು. ಅಂಶದಲ್ಲಿ ಒಂದಕ್ಕಿಂತ ಹೆಚ್ಚು ಪದ ಇದ್ದರೆ ಅದಕ್ಕೂ ಆವರಣ ಬೇಕು, ಇಲ್ಲದಿದ್ದರೆ ಕೊನೆಯ ಪದ ಮಾತ್ರ ಭಾಗವಾಗುತ್ತದೆ. ಮಕ್ಕಳು ಮೊದಲ ಪದವನ್ನು ಮಾತ್ರ ಭಾಗಿಸುವ ತಪ್ಪಿನ ಉಲ್ಟಾ ರೂಪ ಇದು.

ಬೀಜಮೂಲ

ಅಕ್ಷರಕ್ಕೆ ಯ, ಕ ಎಂದು ಆರಿಸಿದ್ದು ನೋಡಿ ಒಂದು ಮಾತು. ಭಾಸ್ಕರಾಚಾರ್ಯ 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಬೀಜಗಣಿತ ಭಾಗದಲ್ಲಿ ಅವ್ಯಕ್ತ (ಬೆಲೆ ಗೊತ್ತಿಲ್ಲದ) ರಾಶಿಗಳ ಹೆಸರು ಯಾವತ್ತಾವತ್, ಕಾಲಕ, ನೀಲಕ ಹೀಗೆ ಸಾಗುತ್ತವೆ. ಬರೆಯುವಾಗ ಯಾ, ಕಾ, ನೀ. ವರ್ಗಕ್ಕೆ ವ, ಘನಕ್ಕೆ ಘ, ಬಿಡಿ ಸಂಖ್ಯೆಗೆ ರೂಪ ಎಂಬುದರ ರೂ. ಋಣ ಸಂಖ್ಯೆಯ ಮೇಲೆ ಒಂದು ಚುಕ್ಕೆ. ನಮ್ಮ 15ಯ² + 7ಯ + 2 ಅಲ್ಲಿ "ಯಾವ 15 ಯಾ 7 ರೂ 2" ಎಂದಾಗುತ್ತದೆ.

ಭಾಗಾಕಾರಕ್ಕೆ ಅವನು ಹೇಳುವ ರೀತಿ ಈ ಚರ್ಚೆಗೆ ನೇರ ಸಂಬಂಧಿಸಿದೆ. ಛೇದವನ್ನು ಯಾವ ಯಾವ ಅವ್ಯಕ್ತಗಳಿಂದ, ರೂಪಗಳಿಂದ ಗುಣಿಸಿ ಭಾಜ್ಯದ ಆಯಾ ಸ್ಥಾನದಿಂದ ಕಳೆದರೆ ಶೇಷ ಉಳಿಯುವುದಿಲ್ಲವೋ, ಅವೇ ಕ್ರಮವಾಗಿ ಲಬ್ಧಗಳು. ಕಾಟು ಹೊಡೆಯುವ ಮಾತಿಲ್ಲ, ಗುಣಿಸು, ಕಳೆ, ಉಳಿಯದಂತೆ ನೋಡು. 4ಯ ಅನ್ನು 1ರಿಂದ ಗುಣಿಸಿ 4ಯ ಇಂದ ಕಳೆದರೆ ಶೇಷ 0, ಲಬ್ಧ 1. ಸೊನ್ನೆ ಬಂದದ್ದು ಶೇಷಕ್ಕೆ, ಒಂದು ಬಂದದ್ದು ಲಬ್ಧಕ್ಕೆ. ಅಮ್ಮನಪ್ರಶ್ನೆ ಅವರ ಮಗಳಿಗೆ ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ತೋರಿಸಿ. "ಏನೂ ಉಳಿಯಲಿಲ್ಲ" ಎಂದು ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ, ಅದು ಶೇಷದ ಸಾಲಿನ ಮಾತು.

ಅಮ್ಮನಪ್ರಶ್ನೆ

ಇದು ಅವಳ ಪ್ರಶ್ನೆಗೆ ನಿಜವಾದ ಉತ್ತರ. ಧನ್ಯವಾದ ಸರ್.

ಛೇದದಕೆಳಗೆ

ಬೀಜಮೂಲ ಅವರ ಮಾತಿಗೆ ಸೊನ್ನೆಯ ವಿಷಯ ಸೇರಿಸುತ್ತೇನೆ. 4ಯ ಇಂದ ಭಾಗಿಸುವಾಗಲೆಲ್ಲ ಯ ≠ 0 ಎಂಬ ಷರತ್ತು ಒಳಗೇ ಇರುತ್ತದೆ. ಬ್ರಹ್ಮಗುಪ್ತ 628ರಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದ, ಭಾಸ್ಕರ ಸೊನ್ನೆ ಛೇದವಾದ ರಾಶಿಯನ್ನು ಖಹರ ಎಂದು ಕರೆದ. ಇಂದು ನಾವು ಆ ಭಾಗಾಕಾರವನ್ನೇ ವ್ಯಾಖ್ಯಾನಿಸುವುದಿಲ್ಲ.

8ನೇ ತರಗತಿಯಲ್ಲಿ ಪ್ರತಿ ಲೆಕ್ಕಕ್ಕೂ ಇದನ್ನು ಬರೆಯಿಸಬೇಕಾಗಿಲ್ಲ, ಒಂದು ಸಲ ಹೇಳಿದರೆ ಸಾಕು. ಆದರೆ ಸಮೀಕರಣಕ್ಕೆ ಬಂದಾಗ ಇದು ಜೀವ ತೆಗೆಯುತ್ತದೆ. ಯ² = 5ಯ ಎಂಬುದನ್ನು ಎರಡೂ ಕಡೆ ಯ ಇಂದ ಭಾಗಿಸಿದರೆ ಯ = 5 ಮಾತ್ರ ಸಿಗುತ್ತದೆ. ಯ = 0 ಕೂಡ ಉತ್ತರವೇ, ಅದು ಕಳೆದುಹೋಯಿತು. ಅಲ್ಲಿ ಭಾಗಿಸಬಾರದು, ಎಲ್ಲವನ್ನೂ ಒಂದು ಕಡೆ ತಂದು ಯ(ಯ − 5) = 0 ಎಂದು ಅಪವರ್ತಿಸಬೇಕು.

ಅಪವರ್ತನಪಕ್ಷ

ಒಂದು ಹೆಚ್ಚುವರಿ ಎಚ್ಚರಿಕೆ, ಏಕೆಂದರೆ ಈ ಪಾಠ ಚೆನ್ನಾಗಿ ಕಲಿತವರೇ ಮುಂದೆ ಇಲ್ಲಿ ಜಾರುತ್ತಾರೆ. ಬಿಡಿಸುವುದು ಅಂಶವನ್ನು ಮಾತ್ರ, ಛೇದವನ್ನಲ್ಲ. 12ಯ/(3ಯ + 4) ಎಂಬುದನ್ನು 12ಯ/(3ಯ) + 12ಯ/4 ಎಂದು ಬಿಡಿಸುತ್ತಾರೆ. ಅಂಕಿಯಲ್ಲಿ: 8/(2 + 4) = 8/6. ಬಿಡಿಸಿದರೆ 8/2 + 8/4 = 6. ಹತ್ತಿರವೂ ಇಲ್ಲ. ಹಂಚುವ ವಸ್ತುವನ್ನು ತುಂಡು ಮಾಡಬಹುದು, ಹಂಚಿಕೊಳ್ಳುವವರ ಗುಂಪನ್ನು ತುಂಡು ಮಾಡಿ ಪ್ರತಿ ಗುಂಪಿಗೂ ಪೂರ್ತಿ ವಸ್ತು ಕೊಡಲಾಗದು. ಛೇದ ದ್ವಿಪದೋಕ್ತಿ ಆದರೆ ದೀರ್ಘ ಭಾಗಾಕಾರ, ಇಲ್ಲವೇ ಅಪವರ್ತನ.

ಶೇಷಶೋಧ

ಅಭ್ಯಾಸಕ್ಕೆ ಆರು ಲೆಕ್ಕ. ಸುಲಭದಿಂದ ಕಷ್ಟಕ್ಕೆ ಜೋಡಿಸಿದ್ದೇನೆ, ಪ್ರತಿಯೊಂದೂ ಮೇಲೆ ಚರ್ಚಿಸಿದ ಒಂದು ತಪ್ಪನ್ನು ಹಿಡಿಯುತ್ತದೆ.

1) (14ಯ³ + 21ಯ²) ÷ (7ಯ²)
2) (−16ಯ⁵ + 24ಯ³ − 8ಯ²) ÷ (−8ಯ²)
3) (20ಯ³ಕ² − 15ಯ²ಕ³ + 5ಯಕ²) ÷ (5ಯಕ²)
4) (9ಯ⁴ − 6ಯ² + 4ಯ) ÷ (3ಯ²), ಭಾಗಲಬ್ಧ ಮತ್ತು ಶೇಷ
5) (ಯ³ − ½ಯ²) ÷ (¼ಯ)
6) 3ಯ × ( ? ) = 12ಯ⁴ − 6ಯ³ + 3ಯ

ಉತ್ತರಗಳು:
1) 2ಯ + 3
2) 2ಯ³ − 3ಯ + 1
3) 4ಯ² − 3ಯಕ + 1
4) ಭಾಗಲಬ್ಧ 3ಯ² − 2, ಶೇಷ 4
5) 4ಯ² − 2ಯ
6) 4ಯ³ − 2ಯ² + 1

ಚೌಕುಳಿಹಾಳೆ

ನಾಲ್ಕನೆಯದನ್ನು ಮತ್ತೊಮ್ಮೆ ನೋಡಿ ಸರ್. ಯ = 10 ಹಾಕಿದರೆ ಭಾಜ್ಯ 90000 − 600 + 40 = 89440. ಭಾಜಕ 300, ಭಾಗಲಬ್ಧ 298, ಗುಣಿಸಿದರೆ 89400. ಉಳಿಯುವುದು 40.

ಶೇಷಶೋಧ

ಹೌದು, ಶೇಷ 4ಯ. ಕೊನೆಯ ಪದದಲ್ಲಿ ಯ ಬಿಟ್ಟುಹೋಗಿತ್ತು. ಮುದ್ರಿಸಿಕೊಂಡವರು ದಯವಿಟ್ಟು 4ನೇ ಉತ್ತರವನ್ನು "ಭಾಗಲಬ್ಧ 3ಯ² − 2, ಶೇಷ 4ಯ" ಎಂದು ತಿದ್ದಿಕೊಳ್ಳಿ. "ಸಂಕ್ಷೇಪಿಸಿ" ಎಂದು ಕೇಳಿದ್ದರೆ 3ಯ² − 2 + 4/(3ಯ).